ಮಲಗಿದ ಕಂಪ್ಯೂಟರನ್ನು ಬೆಂಗಳೂರಿನಿಂದ ಎಬ್ಬಿಸುವ ಕ್ರಮ: ನವಲಿ ಆವೃತ್ತಿ

1. ಈ ಕೈಪಿಡಿ ಯಾರಿಗೆ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಕಡೆಯ ಮಾತು. ಕಾಲನ್ನೂ ಕಣ್ಣನ್ನೂ ಬೆಂಗಳೂರಿನ ಕಂಪನಿಯೊಂದಕ್ಕೆ ಒತ್ತೆಯಿಟ್ಟು, ಕಂಪ್ಯೂಟರನ್ನು ಮಾತ್ರ ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಬಿಟ್ಟು ಬಂದವರಿಗಾಗಿ ಈ ಕೈಪಿಡಿ. ಆ ಪೆಟ್ಟಿಗೆಯೊಳಗೆ ‘ಭೂಮಿ’ ಯೋಜನೆಗೂ ಮುಂಚಿನ ಕೈಬರಹದ ಪಹಣಿಯ ಸ್ಕ್ಯಾನ್ ಇದೆ. ಅಪ್ಪ ನುಡಿ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ ವಾಟ್ನಿ ಪತ್ರದ ಕರಡು ಇದೆ. ಅಕ್ಕನ ಮದುವೆಯ ಫೋಟೊ ಇವೆ. ವಕೀಲರು ಹಳೇ ಪಹಣಿ ಕೇಳುವುದು ನೀವು ಊರಿನಿಂದ ಬಸ್ ಹತ್ತಿದ ಮರುದಿನವೇ. ಕಂಪ್ಯೂಟರ್ ನಡುಮನೆಯ ಮೂಲೆಯಲ್ಲಿ ಬಂದ್ ಆಗಿ ಮಲಗಿದೆ. ಎಬ್ಬಿಸಬೇಕು.

‘ಗೂಗಲ್ ಡ್ರೈವಿಗೆ ಹಾಕಿಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ’ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಮುಂದಿನದು ಉಳಿದವರಿಗೆ.

2. ಹಗಲೂ ರಾತ್ರಿ ಚಾಲೂ ಇಟ್ಟರೇನು?

ಮೊದಲು ಲೆಕ್ಕ. ಸಾಧಾರಣ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೂ 80 ವಾಟ್ ನುಂಗುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸುಮಾರು 1.9 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 58 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಎಂದರೆ ಎಲ್ಲರಿಗೂ 200 ಯೂನಿಟ್ ಎಂದಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ಸಾಮಾನ್ಯವಾಗಿ ಶೇ 10 ಮಾತ್ರ. ಸರಾಸರಿ 60 ಇದ್ದ ಮನೆಗೆ 66 ಯೂನಿಟ್ ಉಚಿತ. ಮಿಕ್ಸರ್, ಫ್ಯಾನು, ಟಿ.ವಿ. ಎಲ್ಲ ಮೊದಲಿನಂತೆಯೇ ಇದ್ದು ಅವುಗಳ ಮೇಲೆ ಕಂಪ್ಯೂಟರಿನ 58 ಸೇರಿದರೆ, ವರ್ಷಗಳಿಂದ ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಅಂಕಿ ಮೂಡುತ್ತದೆ. ಆ ಬಿಲ್ ಮೊದಲು ನೋಡುವವಳು ಅವ್ವ.

ಅದೇ ಪೆಟ್ಟಿಗೆ ಬಂದ್ ಆಗಿ, ಒಳಗಿನ ನೆಟ್‌ವರ್ಕ್ ಕಾರ್ಡ್ ಮಾತ್ರ ಎಚ್ಚರವಿದ್ದರೆ ಖರ್ಚು ಒಂದೆರಡು ವಾಟ್. 2 ವಾಟ್ ಎಂದರೂ ತಿಂಗಳಿಗೆ ಒಂದೂವರೆ ಯೂನಿಟ್ ದಾಟದು. ಇದು ಅವ್ವನ ಕಣ್ಣಿಗೆ ಬೀಳುವುದಿಲ್ಲ. ಕೈಪಿಡಿಯ ಆರ್ಥಿಕ ತಳಹದಿ ಇಷ್ಟೇ.

3. ಬೇಕಾಗುವ ಸಾಮಗ್ರಿ

ಅ) ಡೆಸ್ಕ್‌ಟಾಪ್ ಒಂದು. ಅದರಿಂದ ರೂಟರಿಗೆ ತಂತಿ ಇರಲೇಬೇಕು. ವೈಫೈ ಮೂಲಕ ಮಲಗಿದ್ದನ್ನು ಎಬ್ಬಿಸುವ ಸೌಲಭ್ಯ ಕೆಲವು ಯಂತ್ರಗಳಲ್ಲಿದೆ. ಪೂರ್ತಿ ಬಂದ್ ಮಾಡಿದ ಡೆಸ್ಕ್‌ಟಾಪಿನ ವಿಷಯದಲ್ಲಿ ಅದನ್ನು ನಂಬಿ ಕೂರಬೇಡಿ.
ಆ) ಇಲಿ ಕಡಿಯದ ಜಾಗದಲ್ಲಿ ಹಾಯಿಸಿದ ಲ್ಯಾನ್ ಕೇಬಲ್. ಪಕ್ಕದಲ್ಲೇ ಭತ್ತದ ಚೀಲ ಪೇರಿಸಿದ್ದರೆ ಅದು ಇಲಿ ಕಡಿಯದ ಜಾಗವಲ್ಲ.
ಇ) ರೂಟರ್, ಅದಕ್ಕೊಂದು ಇನ್‌ವರ್ಟರ್ ಆಸರೆ.
ಈ) ಹಳೆಯ ಆಂಡ್ರಾಯ್ಡ್ ಫೋನು ಅಥವಾ ರಾಸ್ಪ್‌ಬೆರಿ ಪೈ. ಯಾಕೆಂಬುದು ಏಳನೆಯ ಭಾಗದಲ್ಲಿ.
ಉ) ಓಣಿಯ ಹುಡುಗ ಒಬ್ಬ. ಇಂಗ್ಲಿಷ್ ಅಕ್ಷರ ಓದಲು ಬಂದರೆ ಸಾಕು.
ಊ) ಅವ್ವ.

4. ಒಳಗುಟ್ಟು

ಬಂದ್ ಆದ ಕಂಪ್ಯೂಟರ್ ನಿಜಕ್ಕೂ ಪೂರ್ತಿ ಬಂದ್ ಆಗಿರುವುದಿಲ್ಲ. ಎಟಿಎಕ್ಸ್ ಮಾದರಿಯ ಪವರ್ ಸಪ್ಲೈ, ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ ನೇರಳೆ ಬಣ್ಣದ ತಂತಿಯೊಂದರಲ್ಲಿ 5 ವೋಲ್ಟ್ ಹರಿಸುತ್ತಲೇ ಇರುತ್ತದೆ. ಆ ತುತ್ತಿನ ಮೇಲೆ ನೆಟ್‌ವರ್ಕ್ ಕಾರ್ಡ್ ಜೀವ ಹಿಡಿದಿರುತ್ತದೆ. ಪೆಟ್ಟಿಗೆಯ ಹಿಂದೆ ಲ್ಯಾನ್ ಕೇಬಲ್ ತೂರಿಸಿದ ಕಿಂಡಿಯಲ್ಲಿ ಸಣ್ಣ ದೀಪ ಮಿಣುಕುತ್ತಿದ್ದರೆ ಕಾರ್ಡ್ ಕಿವಿ ತೆರೆದು ಕೂತಿದೆ ಎಂದು ತಿಳಿಯಿರಿ.

ಅದು ಕಾಯುವುದು ಒಂದೇ ಮಾತಿಗೆ. 1995ರಲ್ಲಿ ಎಎಂಡಿ ಕಂಪನಿ ಹ್ಯೂಲೆಟ್-ಪ್ಯಾಕರ್ಡ್ ಜೊತೆ ಸೇರಿ ರೂಪಿಸಿದ ಈ ಮಾತಿಗೆ ‘ಮ್ಯಾಜಿಕ್ ಪ್ಯಾಕೆಟ್’ ಎಂದು ಹೆಸರು. ಅದಾಗಿ ಒಂದೆರಡು ವರ್ಷಕ್ಕೆ ಐಬಿಎಂ ಮತ್ತು ಇಂಟೆಲ್ ‘ವೇಕ್ ಆನ್ ಲ್ಯಾನ್’ ಎಂಬ ಹೆಸರಿನಲ್ಲಿ ಇದನ್ನು ಕಚೇರಿಗಳಿಗೆ ತಂದವು. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಸಾಲು ಸಾಲು ಕಂಪ್ಯೂಟರ್ ಎಬ್ಬಿಸಿ, ಹೊಸ ತಂತ್ರಾಂಶ ತುಂಬಿ ಮತ್ತೆ ಮಲಗಿಸುವುದು ಅವರ ಉದ್ದೇಶ. ನವಲಿಯ ನಡುಮನೆ ಅವರ ಯೋಜನೆಯಲ್ಲಿ ಇರಲಿಲ್ಲ.

ಪ್ಯಾಕೆಟ್‌ನಲ್ಲಿ ಇರುವುದಿಷ್ಟು: ಮೊದಲು ಆರು ಬೈಟ್ ಪೂರ್ತಿ ‘ಎಫ್‌ಎಫ್’. ಆಮೇಲೆ ಎಬ್ಬಿಸಬೇಕಾದ ಕಾರ್ಡಿನ ಮ್ಯಾಕ್ ವಿಳಾಸ, ಅದೂ ಆರು ಬೈಟ್, ಸತತ ಹದಿನಾರು ಸಲ. ಒಟ್ಟು 102 ಬೈಟ್. ಹೆಸರು ಹಿಡಿದು ಅಷ್ಟು ಸಲ ಕೂಗಿದರೆ ಏಳದವರು ಯಾರು? ಅಷ್ಟೋತ್ತರಕ್ಕೆ ಆರು ಕಡಿಮೆಯಾಯಿತಲ್ಲ ಎಂದು ಕೊರಗುವ ಆಸ್ತಿಕರಿಗೆ ಸಮಾಧಾನ: ಕೆಲವು ಕಾರ್ಡುಗಳಲ್ಲಿ ಕೊನೆಗೆ ಆರು ಬೈಟ್‌ನ ಗುಟ್ಟಿನ ಪದ ಸೇರಿಸಬಹುದು. ಆಗ ಸರಿಯಾಗಿ 108.

5. ಮನೆಯಲ್ಲಿ ಮಾಡಿಟ್ಟು ಬರಬೇಕಾದ ಹಂತಗಳು

ಭೋಗಾಪುರೇಶನಿಗೆ ಕೈಮುಗಿಯಲು ಊರಿಗೆ ಹೋದಾಗಲೇ ಇವನ್ನು ಮುಗಿಸಿ. ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸವಲ್ಲ.

ಹಂತ 1: ಕಂಪ್ಯೂಟರ್ ಚಾಲೂ ಆಗುವಾಗ ಬಯಾಸ್ ಒಳಗೆ ಹೋಗಿ. ‘ವೇಕ್ ಆನ್ ಲ್ಯಾನ್’ ಅಥವಾ ‘ಪವರ್ ಆನ್ ಬೈ ಪಿಸಿಐ-ಇ’ ಎಂದಿರುವುದನ್ನು ಚಾಲೂ ಮಾಡಿ. ಪಕ್ಕದಲ್ಲೇ ‘ಇಆರ್‌ಪಿ’ ಎಂಬುದೊಂದು ಇದ್ದರೆ ಬಂದ್ ಮಾಡಿ. ಅದು ಯುರೋಪಿನ ಇಂಧನ ಉಳಿತಾಯದ ನಿಯಮ; ಮಲಗಿದ ಯಂತ್ರ ಅರ್ಧ ವಾಟ್ ಮೀರಬಾರದೆಂದು ನೇರಳೆ ತಂತಿಯ ತುತ್ತನ್ನೂ ಕಸಿಯುತ್ತದೆ. ಯುರೋಪಿನ ಉಳಿತಾಯ ಯುರೋಪಿಗಿರಲಿ.

ಹಂತ 2: ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪ್ಯೂಟರನ್ನು ಎಬ್ಬಿಸಲು ಇದಕ್ಕೆ ಅನುಮತಿ ಕೊಡಿ. ‘ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ’ ಎಂಬ ಚೌಕಕ್ಕೂ ಗುರುತು ಹಾಕಿ. ಹಾಕದಿದ್ದರೆ ಮನೆಗೆ ಬಂದ ನೆಂಟರ ಫೋನು ವೈಫೈ ಹಿಡಿದರೂ ಇದು ಎದ್ದು ಕೂರುವ ಸಂಭವ ಇದೆ.

ಹಂತ 3: ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿ. ವಿಂಡೋಸ್ 8ರಿಂದ ಬಂದ ಈ ಸೌಲಭ್ಯದಲ್ಲಿ ಶಟ್‌ಡೌನ್ ಒತ್ತಿದರೆ ಯಂತ್ರ ಪೂರ್ತಿ ಬಂದ್ ಆಗದು, ಅರೆನಿದ್ದೆಗೆ ಜಾರುತ್ತದೆ. ಹೋಗುವಾಗ ನೆಟ್‌ವರ್ಕ್ ಕಾರ್ಡಿನ ಕಿವಿಯನ್ನೂ ಮುಚ್ಚಿ ಹೋಗುತ್ತದೆ. ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು ಎಂದು ಹಿರಿಯರು ಹೇಳಿದ್ದು ಈ ವಿಂಡೋಸ್‌ಗೂ ಸಲ್ಲುತ್ತದೆ.

ಹಂತ 4: ಮ್ಯಾಕ್ ವಿಳಾಸ ಬರೆದುಕೊಳ್ಳಿ. ಕಂಪ್ಯೂಟರಿಗೆ ವೈಫೈ ಇದ್ದರೆ ಎರಡು ವಿಳಾಸ ಇರುತ್ತವೆ. ತಂತಿ ಕಾರ್ಡಿನದೇ ಬೇಕು. ಬರೆದುಕೊಳ್ಳದೆ ಬೆಂಗಳೂರಿಗೆ ಬಂದರೆ ಮುಂದಿನ ಸಂಭಾಷಣೆಗೆ ಸಿದ್ಧರಾಗಿ. ಆ ಕಡೆ ಓಣಿಯ ಹುಡುಗ, ಪೆಟ್ಟಿಗೆಯ ಹಿಂದೆ ಟಾರ್ಚ್ ಹಿಡಿದು ಸ್ಟಿಕ್ಕರ್ ಓದುತ್ತಿದ್ದಾನೆ.

‘ಮೊದಲನೇದು?’

‘ಸೊನ್ನಿ.’

‘ಸೊನ್ನಿನೋ, ಓ ಅಕ್ಷರನೋ?’

‘ಗುಂಡಗ ಐತ್ರಿ.’

‘ಆಮೇಲೆ?’

‘ಬಿ.’

‘ಬಸವಣ್ಣನ ಬಿ ಹೌದಲ್ಲ? ಸರಿಯಾಗಿ ನೋಡು.’

‘ಹೊಟ್ಟಿ ಎರಡು ಅದಾವ್ರಿ.’

‘ಹಂಗಾದ್ರ ಎಂಟೂ ಆಗಬಹುದು.’

‘ಆಗಬಹುದ್ರಿ.’

ಸೂಚನೆ: ಮ್ಯಾಕ್ ವಿಳಾಸದಲ್ಲಿ 0ಯಿಂದ 9ರವರೆಗಿನ ಅಂಕಿ ಮತ್ತು ಇಂಗ್ಲಿಷಿನ ಮೊದಲ ಆರು ಅಕ್ಷರ ಮಾತ್ರ ಬರುತ್ತವೆ. ಆದ್ದರಿಂದ ಗುಂಡಗೆ ಇರುವುದೆಲ್ಲ ಸೊನ್ನೆಯೇ. ಎರಡು ಹೊಟ್ಟೆಯ ಸಮಸ್ಯೆಗೆ ಫೋಟೊ ತೆಗೆಸಿ ವಾಟ್ಸ್ಯಾಪ್ ಮಾಡಿಸಿಕೊಳ್ಳುವುದೇ ಪರಿಹಾರ.

6. ಮನೆಯೊಳಗಿನ ಪರೀಕ್ಷೆ

ಕಂಪ್ಯೂಟರ್ ಬಂದ್ ಮಾಡಿ. ನಿಮ್ಮ ಫೋನನ್ನು ಮನೆಯ ವೈಫೈಗೆ ಜೋಡಿಸಿ, ವೇಕ್ ಆನ್ ಲ್ಯಾನ್ ಆ್ಯಪ್ ಒಂದನ್ನು ಹಾಕಿಕೊಂಡು ಮ್ಯಾಕ್ ವಿಳಾಸ ತುಂಬಿ ಒತ್ತಿ. ಫ್ಯಾನು ಗುಂಯ್ ಎಂದರೆ ಗೆದ್ದಿರಿ.

ಈ ಪ್ಯಾಕೆಟ್ ಸಾಮಾನ್ಯವಾಗಿ 7 ಅಥವಾ 9ನೇ ಪೋರ್ಟಿಗೆ ಹೋಗುತ್ತದೆ. 9ನೇ ಪೋರ್ಟು ಅಂತರ್ಜಾಲದ ನಿಯಮಾವಳಿಯಲ್ಲಿ ಬಂದದ್ದನ್ನೆಲ್ಲ ಎಸೆದುಬಿಡಲೆಂದೇ ಮೀಸಲಾದದ್ದು. ಎಸೆಯುವ ಬಾಗಿಲಿಗೆ ಹೋದ ಮಾತನ್ನು ಕಾರ್ಡ್ ದಾರಿಯಲ್ಲೇ ಕೇಳಿಸಿಕೊಂಡು ಎದ್ದೇಳುತ್ತದೆ. ಆದರೆ ‘ಹೂಂ’ ಎನ್ನುವುದಿಲ್ಲ. ಮ್ಯಾಜಿಕ್ ಪ್ಯಾಕೆಟ್‌ಗೆ ಉತ್ತರ ಕೊಡುವ ಪದ್ಧತಿಯೇ ಇಲ್ಲ. ಎದ್ದಿತೋ ಇಲ್ಲವೋ ಎಂದು ತಿಳಿಯಲು ಎರಡು ನಿಮಿಷ ಬಿಟ್ಟು ರಿಮೋಟ್ ಡೆಸ್ಕ್‌ಟಾಪಿನಲ್ಲಿ ಬಾಗಿಲು ತಟ್ಟಿ ನೋಡಬೇಕು.

ಇಲ್ಲಿ ಗೆದ್ದವರು ಹಿಗ್ಗಿ ಅದೇ ರಾತ್ರಿ ಬಸ್ ಹತ್ತುತ್ತಾರೆ. ಹತ್ತಬೇಡಿ. ಕಷ್ಟ ಇನ್ನು ಮುಂದೆ.

7. ಊರ ಗಡಿ ದಾಟುವುದು

ಬೆಂಗಳೂರಿನಿಂದ ಒತ್ತಿದರೆ ಅದೇ ಪ್ಯಾಕೆಟ್ ನವಲಿ ಮುಟ್ಟದಿರಲು ಮೂರು ಕಾರಣ.

ಒಂದು, ರೂಟರಿನ ಮರೆವು. ಯಾವ ನಂಬರಿನಲ್ಲಿ ಯಾವ ಯಂತ್ರ ಇದೆಯೆಂದು ರೂಟರ್ ನೆನಪಿಡುವುದು ಸ್ವಲ್ಪ ಹೊತ್ತು ಮಾತ್ರ. ಯಂತ್ರ ಮಲಗಿ ಉತ್ತರ ಕೊಡದಿದ್ದರೆ ಆ ಹೆಸರನ್ನು ಪಟ್ಟಿಯಿಂದ ಅಳಿಸುತ್ತದೆ. ಆಮೇಲೆ ಆ ನಂಬರಿಗೆ ಬಂದ ಪ್ಯಾಕೆಟ್ ಹೊಸ್ತಿಲಲ್ಲೇ ಉಳಿಯುತ್ತದೆ.

ಎರಡು, ಕೂಗಿಗೆ ನಿಷೇಧ. ಒಬ್ಬರನ್ನೇ ಕರೆಯಲಾಗದಿದ್ದರೆ ಇಡೀ ಮನೆಗೆ ಕೇಳುವಂತೆ ಕೂಗಬಹುದು, 192.168.1.255 ಎಂಬಂಥ ವಿಳಾಸ ಇರುವುದು ಅದಕ್ಕೇ. ಆದರೆ ಹೊರಗಿನಿಂದ ಬಂದ ಇಂಥ ಕೂಗನ್ನು ದುರುಳರು ಜಾಲಗಳನ್ನೇ ಉಸಿರುಗಟ್ಟಿಸಲು ಬಳಸತೊಡಗಿದ್ದರಿಂದ, ಅದನ್ನು ಒಳಗೆ ಬಿಡದಿರುವುದೇ 1999ರಿಂದ ರೂಟರ್‌ಗಳ ರೂಢಿಯ ನಿಯಮ.

ಮೂರು, ನಿಮ್ಮ ಮನೆಗೆ ವಿಳಾಸವೇ ಇಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಮುಗಿಯುತ್ತ ಬಂದಂತೆ, ಅನೇಕ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರಿನ ಪುಟ ತೆರೆದು ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಆ ಗುಂಪಿನಲ್ಲಿದ್ದೀರಿ. ಹೊರಗಿನಿಂದ ನಿಮ್ಮ ಬಾಗಿಲಿಗೆ ದಾರಿ ಇಲ್ಲ. ಪೋರ್ಟ್ ಫಾರ್ವರ್ಡ್ ಎಂದು ಯಾರು ಎಷ್ಟೇ ಹೇಳಿಕೊಟ್ಟರೂ ದಂಡ.

ಪರಿಹಾರ ಒಂದೇ: ಒಳಗಿನವರು ಒಬ್ಬರು ಎಚ್ಚರವಿದ್ದು, ಅವರೇ ಹೊರಗೆ ಕೈಚಾಚಿ ಹಿಡಿದುಕೊಂಡಿರಬೇಕು. ಅದಕ್ಕೇ ಸಾಮಗ್ರಿ ಪಟ್ಟಿಯಲ್ಲಿ ಹಳೆಯ ಫೋನು ಅಥವಾ ರಾಸ್ಪ್‌ಬೆರಿ ಪೈ ಇರುವುದು. ಪೈ ಮೇಲೆ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ತಂತ್ರಾಂಶ ಹಾಕಿ. ಅದು ನವಲಿಯಿಂದಲೇ ಹೊರಟು ಬೆಂಗಳೂರಿನ ನಿಮ್ಮ ಫೋನಿನ ಜೊತೆ ಗುಪ್ತ ಕೊಳವೆಯೊಂದನ್ನು ಕಟ್ಟಿಕೊಳ್ಳುತ್ತದೆ. ನೀವು ಪೈಗೆ ಹೇಳುತ್ತೀರಿ, ಪೈ ಮನೆಯೊಳಗಿಂದಲೇ ಮ್ಯಾಜಿಕ್ ಪ್ಯಾಕೆಟ್ ಕೂಗುತ್ತದೆ. ಖರ್ಚು ಸುಮಾರು 3 ವಾಟ್, ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ. ಹಳೆಯ ಫೋನಿನಲ್ಲಿ ಟರ್ಮಕ್ಸ್ ಹಾಕಿಯೂ ಇದೇ ಕೆಲಸ ಮಾಡಿಸಬಹುದು. ಬಿರುಕುಬಿಟ್ಟ ಗಾಜು ಅಡ್ಡಿಯಾಗದು. ಉಬ್ಬಿದ ಬ್ಯಾಟರಿಯ ಫೋನು ಮಾತ್ರ ಬೇಡ.

ಎಚ್ಚರಿಕೆ: ನಿಮಗೆ ಸ್ವಂತ ಹೊರವಿಳಾಸ ಸಿಕ್ಕಿದ್ದರೂ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡಬೇಡಿ. ನವಲಿ ಎಲ್ಲಿದೆ ಎಂದು ಗೊತ್ತಿಲ್ಲದವರೂ ಆ ಬಾಗಿಲನ್ನು ತಟ್ಟಲು ಬರುತ್ತಾರೆ.

8. ಮನೆಯವರಿಗೆ ಸೂಚನೆಗಳು

ತಾಂತ್ರಿಕ ಭಾಗ ಮುಗಿಯಿತು. ಇನ್ನು ಮುಖ್ಯ ಭಾಗ.

ಅ) ಗೋಡೆಯ ಸ್ವಿಚ್. ಮಲಗುವ ಮುಂಚೆ ಮನೆಯ ಸ್ವಿಚ್ ಎಲ್ಲ ಬಂದ್ ಮಾಡಿಯೇ ಹಾಸಿಗೆಗೆ ಹೋಗುವುದು ಅವ್ವನ ನೇಮ. ಆ ನೇಮದೊಳಗೆ ನೇರಳೆ ತಂತಿಗೆ ವಿನಾಯಿತಿ ಇಲ್ಲ. ‘ಬಂದ್ ಆಗಿರೋದಕ್ಕ ಕರೆಂಟ್ ಯಾಕ ಬೇಕು?’ ಎಂಬ ಪ್ರಶ್ನೆಗೆ ಈ ಕೈಪಿಡಿಯಲ್ಲಿ ಉತ್ತರ ಇಲ್ಲ. ಪ್ರಶ್ನೆ ನ್ಯಾಯವಾದದ್ದು. ಸ್ವಿಚ್ ಮೇಲೆ ಅಂಟುಪಟ್ಟಿ ಹಚ್ಚಿ, ದೇವರ ಫೋಟೊದ ದೀಪವೂ ಇದೇ ಬೋರ್ಡಿಗೆ ಬರುವಂತೆ ವೈರಿಂಗ್ ಮಾಡಿಸುವುದು ಅನುಭವಿಗಳ ಉಪಾಯ.

ಆ) ಸಿಡಿಲು. ಮುಂಗಾರಿಗೆ ಮುಂಚಿನ ಅಡ್ಡಮಳೆ ಗುಡುಗಿದರೆ ಪ್ಲಗ್ ಕಿತ್ತಿಡಬೇಕು. ಇದಕ್ಕೆ ವಿನಾಯಿತಿ ಕೇಳಲೇಬೇಡಿ, ಅವ್ವ ಸರಿ. ಫೈಬರ್ ಗಾಜಿನೆಳೆಯಾದ್ದರಿಂದ ಅದರೊಳಗೆ ಸಿಡಿಲು ಹರಿಯದು ನಿಜ. ಆದರೆ ಕರೆಂಟಿನ ತಂತಿ ಗಾಜಿನದಲ್ಲ.

ಇ) ಕರೆಂಟ್ ಹೋಗಿ ಬಂದರೆ. ಕೆಲವು ನೆಟ್‌ವರ್ಕ್ ಕಾರ್ಡುಗಳು ಕರೆಂಟ್ ಪೂರ್ತಿ ಹೋಗಿ ಬಂದ ಮೇಲೆ, ಒಮ್ಮೆ ಕೈಯಿಂದ ಕಂಪ್ಯೂಟರ್ ಹಚ್ಚುವ ತನಕ ಕಿವಿ ತೆರೆಯುವುದಿಲ್ಲ. ಕರೆಂಟ್ ಹೋಗದ ಊರಿನಲ್ಲಿ ಕೂತವರು ತಯಾರಿಸಿದ ಕಾರ್ಡು, ಏನು ಮಾಡುವುದು.

ಈ) ಎಲ್ಲರ ಬ್ಯಾಟರಿ. ನಿಮ್ಮ ರೂಟರಿಗೆ ಇನ್‌ವರ್ಟರ್ ಇದ್ದರೆ ಸಾಲದು. ನಿಮಗೆ ಸಂಪರ್ಕ ಕೊಡುವ ಕೇಬಲ್‌ನವರ ಪೆಟ್ಟಿಗೆಗೂ ಬ್ಯಾಟರಿ ಇರಬೇಕು. ಎರಡರಲ್ಲಿ ಯಾವುದು ಮೊದಲು ಸಾಯುತ್ತದೋ ಅದೇ ನಿಮ್ಮ ಜಾಲದ ಆಯುಷ್ಯ.

9. ಬದಲಿ ವಿಧಾನ: ಮೋಟಾರ್ ಪದ್ಧತಿ

ದೂರದಿಂದ ಯಂತ್ರ ಹಚ್ಚುವ ವಿದ್ಯೆ ನಮ್ಮ ಕಡೆ ಕಂಪ್ಯೂಟರಿನ ಮೂಲಕ ಬಂದದ್ದಲ್ಲ, ಬೋರ್‌ವೆಲ್ ಮೂಲಕ ಬಂದದ್ದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ಪಾಳಿಯಲ್ಲಿ. ಪಾಳಿ ರಾತ್ರಿಗೂ ಬೀಳುತ್ತದೆ. ಹಾವು ಹುಳ ತುಳಿಯುತ್ತ ಹೊಲಕ್ಕೆ ನಡೆಯುವುದು ತಪ್ಪಲೆಂದು ರೈತರು ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ತಂದರು. ಕರೆ ಮಾಡಿ ಗುಂಡಿ ಒತ್ತಿದರೆ ಮೋಟಾರ್ ಚಾಲೂ. ಈ ದಾರಿಯಲ್ಲಿ ಹೆಸರಾದ ‘ನ್ಯಾನೊ ಗಣೇಶ’ ರೂಪಿಸಿದವರು ಪುಣೆಯ ಸಂತೋಷ್ ಓಸ್ತವಾಲ್. ಕಂಪ್ಯೂಟರ್ ‘ಹೂಂ’ ಎನ್ನುವುದಿಲ್ಲ ಎಂದೆವಲ್ಲ. ಮೊಬೈಲ್ ಸ್ಟಾರ್ಟರ್ ಅನ್ನುತ್ತದೆ. ಕರೆಂಟ್ ಇದೆಯೋ ಇಲ್ಲವೋ, ಮೋಟಾರ್ ಎದ್ದಿದೆಯೋ ಇಲ್ಲವೋ ತಾನೇ ತಿಳಿಸುತ್ತದೆ. ಇಂಜಿನಿಯರ್ ಮಗ 102 ಬೈಟ್ ಎಣಿಸುತ್ತ ಕೂತಾಗ ಅಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಆರುವುದರೊಳಗೆ ಹೊಲಕ್ಕೆ ನೀರು ಬಿಟ್ಟಿರುತ್ತಾನೆ.

ಇದಕ್ಕೂ ಸರಳ ಆಟೊ ಸ್ಟಾರ್ಟರ್: ಕರೆಂಟ್ ಬಂದೊಡನೆ ಮೋಟಾರ್ ತಾನೇ ಏಳುತ್ತದೆ. ಕಂಪ್ಯೂಟರಿಗೂ ಇದು ಸಾಧ್ಯ. ಬಯಾಸ್‌ನಲ್ಲಿ ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬುದನ್ನು ‘ಪವರ್ ಆನ್’ ಮಾಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ತಾನಾಗಿ ಎದ್ದು ನಿಮ್ಮ ಅಪ್ಪಣೆಗೆ ಕಾಯುತ್ತದೆ. ದಿನಕ್ಕೆ ಒಮ್ಮೆಯಾದರೂ ಕರೆಂಟ್ ಹೋಗುವ ಮನೆಗೆ ಇದಕ್ಕಿಂತ ನಂಬಿಗಸ್ತ ವಿಧಾನ ಮತ್ತೊಂದಿಲ್ಲ. ಪ್ಯಾಕೆಟ್, ಪೈ, ಕೊಳವೆ ಯಾವುದೂ ಎಬ್ಬಿಸಲು ಬೇಕಿಲ್ಲ.

ದೋಷವೂ ಇದೆ. ಆಟೊ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಕರೆಂಟ್ ಬಂದ ಕ್ಷಣ ಒಟ್ಟಿಗೆ ಎದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ ಎಂಬುದು ಎಲ್ಲ ರೈತರಿಗೂ ಗೊತ್ತು. ಕಂಪ್ಯೂಟರ್ ಹಾಗೇನೂ ಸುಡದು. ಆದರೆ ಎದ್ದದ್ದು ಮಲಗಲು ಮರೆತರೆ ನೀವು ಮತ್ತೆ ಎರಡನೇ ಭಾಗದ 58 ಯೂನಿಟ್‌ಗೆ ಮರಳಿದಿರಿ. ಕೆಲಸ ಮುಗಿದೊಡನೆ ಬಂದ್ ಮಾಡಿ. ಒಂದಿಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಬಂದ್ ಆಗುವಂತೆ ಹೊಂದಿಸಿದರೆ ಇನ್ನೂ ಒಳ್ಳೆಯದು.

10. ದೋಷ ಮತ್ತು ಪರಿಹಾರ

ಪೈ ಸಿಗುತ್ತಿದೆ, ಕಂಪ್ಯೂಟರ್ ಏಳುತ್ತಿಲ್ಲ: ಗೋಡೆಯ ಸ್ವಿಚ್ ಬಂದ್ ಆಗಿದೆ. ಮನೆಗೆ ಫೋನ್ ಮಾಡಿ.

ಪೈಯೂ ಸಿಗುತ್ತಿಲ್ಲ: ಕರೆಂಟ್ ಹೋಗಿದೆ, ಇಲ್ಲವೇ ನೆಟ್ ಹೋಗಿದೆ. ಮನೆಗೆ ಫೋನ್ ಮಾಡಿ.

ಫೋನೂ ಹೋಗುತ್ತಿಲ್ಲ: ಟವರಿನ ಬ್ಯಾಟರಿಯೂ ಮುಗಿದಿದೆ. ಬೆಳಗಿನ ತನಕ ಕಾಯಿರಿ.

ಎದ್ದಿತು, ದಿನಾಂಕ ಮಾತ್ರ ಎಷ್ಟೋ ವರ್ಷ ಹಿಂದಿನದು: ಮದರ್‌ಬೋರ್ಡಿನ ಗುಂಡು ಸೆಲ್ ಸತ್ತಿದೆ. ಬಯಾಸ್‌ನಲ್ಲಿ ನೀವು ಮಾಡಿದ ಬದಲಾವಣೆಯೂ ಅಳಿಸಿರುತ್ತದೆ. ಸಿಆರ್ 2032 ಸೆಲ್ ತೆಗೆದುಕೊಂಡು ಊರಿಗೆ ಹೋಗಿ.

ಯಾವುದಕ್ಕೂ ಏಳುತ್ತಿಲ್ಲ: ಯಶವಂತಪುರದಲ್ಲಿ ಸಿಂಧನೂರು ರೈಲು ಹತ್ತಿ ಕಾರಟಗಿಯಲ್ಲಿ ಇಳಿಯಿರಿ. ಅಲ್ಲಿಂದ ನವಲಿಗೆ ಬನ್ನಿ. ಪೆಟ್ಟಿಗೆಯ ಮುಂಭಾಗದಲ್ಲಿ ಗುಂಡಗಿನ ಬಟನ್ ಇದೆ, ಒತ್ತಿ.

ವ್ಯಾಪ್ತಿ: ನವಲಿ ಎಂದೊಡನೆ ಕೆಲವರು ಬೇರೊಂದನ್ನು ಎಬ್ಬಿಸುವ ಬಗೆ ಕೇಳುತ್ತಾರೆ. ಹೂಳು ತುಂಬಿ ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದ ಮೇಲೆ, ನಷ್ಟ ತುಂಬಿಕೊಳ್ಳಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿತು. ಆ ಪ್ರಸ್ತಾವದ ಕಡತಕ್ಕೂ ಮ್ಯಾಕ್ ವಿಳಾಸ ಇದ್ದಿದ್ದರೆ ಇಷ್ಟು ಹೊತ್ತಿಗೆ ಹದಿನಾರಲ್ಲ, ಸಾವಿರ ಸಲ ಕೂಗಿ ಆಗುತ್ತಿತ್ತು. ಅದಕ್ಕೆ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ಒಟ್ಟಿಗೆ ‘ಹೂಂ’ ಎನ್ನಬೇಕು. ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

11. ಗ್ಯಾರಂಟಿ

ಸರ್ಕಾರದ ಐದು ಬಿಟ್ಟರೆ ಬೇರೆ ಗ್ಯಾರಂಟಿ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ತಿಳಿದುಬರುವ ಸಂಗತಿ ಒಂದೇ. ನಿದ್ದೆಯಲ್ಲಿರುವ ಒಂದು ಯಂತ್ರವನ್ನು ದೂರದಿಂದ ಎಬ್ಬಿಸಲು ಹತ್ತಿರದಲ್ಲಿ ಯಾರಾದರೂ ನಿದ್ದೆಗೆಡಲೇಬೇಕು. ಕಾರ್ಡ್ ಎಚ್ಚರ, ರೂಟರ್ ಎಚ್ಚರ, ಪೈ ಎಚ್ಚರ, ಕೇಬಲ್‌ನವರ ಬ್ಯಾಟರಿ ಎಚ್ಚರ, ಅವೆಲ್ಲಕ್ಕೂ ಕರೆಂಟ್ ಇದೆಯೇ ಎಂದು ನೋಡಲು ಅವ್ವ ಎಚ್ಚರ. ನೀವು ಬೆಂಗಳೂರಿನಲ್ಲಿ ಒತ್ತುವ ಗುಂಡಿ ಈ ಸಾಲಿನ ಅತಿ ಸುಲಭದ ಕೆಲಸ. ಆದ್ದರಿಂದ ಈ ಸಲ ಊರಿಗೆ ಹೋದಾಗ ಕಂಪ್ಯೂಟರ್ ಮುಟ್ಟುವ ಮೊದಲು ಇನ್‌ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಬನ್ನಿ. ಅದನ್ನು ಯಾವ ಪ್ಯಾಕೆಟ್ಟೂ ಹಾಕುವುದಿಲ್ಲ.